ಕರೆಂಟು ಹೋಗದ ದಿನ

ದೀಪ ಹತ್ತಲಿಲ್ಲ.

ವನಮಾಲಾ ಇನ್ನೊಮ್ಮೆ ಸ್ವಿಚ್ ಒತ್ತಿದಳು. ಮೇಜಿನ ಮೇಲಿದ್ದ ತಗಡಿನ ಪೆಟ್ಟಿಗೆ ತನಗೂ ಜೀವವಿದೆ ಎಂದು ಹೇಳುವಂತೆ ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು. ಸೈರನ್ನಿನ ಬದಲಿಗೆ ಅದಕ್ಕೆ ಕಟ್ಟಿದ್ದ ಬಲ್ಬು ಮಾತ್ರ, ಹಬ್ಬದೂಟ ಮುಗಿಸಿ ಮಲಗಿದ ಅಳಿಯನ ಹಾಗೆ, ಕಣ್ಣೇ ಬಿಡಲಿಲ್ಲ.

"ನೋಡಿದ್ರಾ? ಹೊಳೆ ಹತ್ರ ಆಗಿದ್ದೂ ಇದೇ," ಎಂದಳು.

ಹೂವಯ್ಯ ನೋಡುತ್ತಿದ್ದ. ಆದರೆ ಬಲ್ಬನ್ನಲ್ಲ. ಹೆಂಡತಿ ಕೂತಿದ್ದ ಕುರ್ಚಿಯ ದಿಂಬನ್ನು. ಅಂಥದ್ದೇ ಹಳದಿ ಹೂವಿನ ಬಟ್ಟೆಯ ಇನ್ನೊಂದು ದಿಂಬು ಪಕ್ಕದ ಖಾಲಿ ಕುರ್ಚಿಯ ಮೇಲಿತ್ತು. ಆ ಕುರ್ಚಿ ಶಂಭುವಿನದು. ಬಟ್ಟೆ ತಮ್ಮ ಮನೆಯ ಹಳೆಯ ಪರದೆಯದು. ಪರದೆ ಎಲ್ಲಿ ಎಂದು ಹೋದ ಬೇಸಿಗೆಯಲ್ಲಿ ಕೇಳಿದಾಗ, ಹರಿದುಹೋಯಿತು ಎಂದಿದ್ದಳು. ಹರಿದದ್ದು ಇಲ್ಲಿ ಬಂದು ಹೊಲಿಗೆ ಹಾಕಿಸಿಕೊಂಡಿತ್ತು!

ಹೊಟ್ಟೆಕಿಚ್ಚು ಯಾರಿಗೂ ಒಳ್ಳೆಯದಲ್ಲ. ಪತ್ತೇದಾರನಿಗಂತೂ ಬೇಡವೇ ಬೇಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಆ ಕೋಣೆಗೆ ಕಾಲಿಟ್ಟಾಗಿನಿಂದ ಹೂವಯ್ಯನ ಕಣ್ಣಿಗೆ ಕಂಡದ್ದೆಲ್ಲ ಶಂಭು.

ಕೆಂಚಿಹೊಳೆ ಅಣೆಕಟ್ಟಿನ ಬಾಗಿಲು ತೆರೆದಾಗ ಕೂಗಬೇಕಿದ್ದ ಸೈರನ್ ಕೂಗದೆ ಸುಬ್ಬರಾಯ ಹೆಗಡೆ ನೀರುಪಾಲಾಗಿ ವಾರವಾಗಿತ್ತು. ಸೈರನ್ನಿನ ಪೆಟ್ಟಿಗೆಯನ್ನು ಅವನ ಜೊತೆ ಸೇರಿ ಮಾಡಿದ ಚಿಕ್ಕಪ್ಪನ ಮಗ ಶಂಭು, ಕೊಲೆಯ ಆಪಾದನೆ ಹೊತ್ತು ಸಾಗರದ ಲಾಕಪ್ಪಿನಲ್ಲಿ ಕೂತಿದ್ದ. ಮೇಜಿನ ಮೇಲಿದ್ದದ್ದು ಅದೇ ಪ್ರೋಗ್ರಾಂ ತುಂಬಿದ ಅದರ ಜೋಡಿ ಪೆಟ್ಟಿಗೆ; ಇಲ್ಲಿ ಅಣೆಕಟ್ಟಿನ ಬಾಗಿಲಿನ ಬದಲಿಗೆ ಸ್ವಿಚ್ಚು.

ಸುಬ್ಬರಾಯನ ಮನೆಯ ಮುಂದಿನ ಕೋಣೆಯೇ ಅಣ್ಣತಮ್ಮಂದಿರ ವರ್ಕ್‌ಶಾಪು. ಎಂಬತ್ತೇಳನೇ ಇಸವಿಯ ಸಾಗರದಲ್ಲಿ ಕಂಪ್ಯೂಟರ್ ಇರುವ ಮನೆ ಎಂದರೆ ಆನೆ ಕಟ್ಟಿದ ಮನೆ ಇದ್ದ ಹಾಗೆ. ದಾರಿಹೋಕರು ಕಿಟಕಿಯಲ್ಲಿ ಒಮ್ಮೆ ಇಣುಕದೆ ಮುಂದೆ ಹೋಗುತ್ತಿರಲಿಲ್ಲ. ಕಾಲೇಜಿನಲ್ಲಿ ಗಣಿತ ಕಲಿಸುವ ವನಮಾಲಾ ಎರಡು ವರ್ಷದಿಂದ ಪಾಠ ಮುಗಿಸಿ ಇಲ್ಲಿಗೆ ಬಂದು ಪ್ರೋಗ್ರಾಂ ಬರೆಯುತ್ತಿದ್ದಳು. ಅವಳಿಗೆ ಆ ಯಂತ್ರದ ಭಾಷೆ ಕಲಿಸಿದವನು ಶಂಭು.

ಮೇಲಧಿಕಾರಿಯ ಜೊತೆ ಜಗಳವಾಡಿ ಪೊಲೀಸ್ ಕೆಲಸ ಬಿಟ್ಟು ಬಂದ ತೀರ್ಥಹಳ್ಳಿಯ ಹೂವಯ್ಯ, ಹತ್ತಾರು ಕಳ್ಳರನ್ನು ಮುಖ ನೋಡಿಯೇ ಹಿಡಿದವನು. ಈ ಕೇಸಿನಲ್ಲಿ ಮಾತ್ರ ಹೆಂಡತಿಯ ಕಣ್ಣಿನಿಂದ ನೋಡಬೇಕಾಗಿತ್ತು. ಅದೇ ಅವನಿಗೆ ಗಾಯದ ಮೇಲಿನ ಬರೆ.

"ಹಂಗಾದ್ರೆ ಸೈ ಅಲ್ವಾ? ನೀನೇ ಮೊನ್ನೆ ಹೇಳಿದ್ದೆ. ಆ ಆಪ್ಶನ್ ಬಿಟ್ರೆ ಪೆಟ್ಟಿಗೆ ಮೂಗಿ ಆಗುತ್ತೆ ಅಂತ. ಶಂಭು ಬಿಟ್ಟಿದಾನೆ," ಎಂದ. ಧ್ವನಿಯಲ್ಲಿ ಸಂತೋಷ ಇಣುಕದ ಹಾಗೆ ನೋಡಿಕೊಂಡ. ಆದರೂ ಇಣುಕಿತು.

ಆ ಆಪ್ಶನ್ನಿನ ಕಥೆಯನ್ನು ಅವಳು ಮೊನ್ನೆ ತರಗತಿಯಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದ್ದಳು. ಹೊಳೆಯ ಪೆಟ್ಟಿಗೆಯೊಳಗಿನ ಚಿಪ್ ಬಲು ಸಣ್ಣದು, ತನ್ನ ಪ್ರೋಗ್ರಾಮನ್ನು ತಾನೇ ತಯಾರಿಸಿಕೊಳ್ಳುವ ತಾಕತ್ತು ಅದಕ್ಕಿಲ್ಲ. ಹಾಗಾಗಿ ಇಲ್ಲಿಯ ದೊಡ್ಡ ಯಂತ್ರದಲ್ಲಿ ತಯಾರಿಸಿ ಅಲ್ಲಿಯ ಚಿಪ್ಪಿಗೆ ತುಂಬಬೇಕು. ಅಡುಗೆ ಒಂದು ಮನೆಯಲ್ಲಿ, ಊಟ ಇನ್ನೊಂದು ಮನೆಯಲ್ಲಿ. ಹೀಗೆ ಅಡುಗೆ ಮಾಡಿ ಕಳಿಸುವ ಭಟ್ಟನೇ ಕ್ರಾಸ್ ಕಂಪೈಲರ್. ಈ ಭಟ್ಟನಿಗೆ ಒಂದು ಜಾಣ ಸೋಮಾರಿತನವಿತ್ತು. ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ಸಾವಿರ ಸಲ ನೋಡು ಎಂದು ಬರೆದುಕೊಟ್ಟರೆ, ಮೊದಲ ಸಲ ನೋಡಿ, ಉಳಿದ ಸಲವೆಲ್ಲ ನೆನಪಿನಿಂದಲೇ ಉತ್ತರ ಹೇಳುವ ಹಾಗೆ ತಯಾರಿಸಿಬಿಡುತ್ತಿದ್ದ. ಹಾಗೆ ಮಾಡಬೇಡ, ಪ್ರತಿ ಸಲವೂ ಹೊಸದಾಗಿ ನೋಡು ಎಂದು ತಾಕೀತು ಮಾಡುವುದೇ ಆ 'ವಿ' ಆಪ್ಶನ್.

"ಒಂದೇ ಸಲ ನೋಡಿ ಅದೇ ಸತ್ಯ ಅಂತ ಕೂರೋದು ಯಂತ್ರಕ್ಕೊಂದೇ ಬಂದ ಬುದ್ಧಿ ಅಲ್ಲ ಬಿಡಿ," ಎಂದೂ ಆವತ್ತು ಸೇರಿಸಿದ್ದಳು. ಹೂವಯ್ಯ ಅದನ್ನು ಕೇಳಿಸಿಕೊಳ್ಳದವನ ಹಾಗೆ ಎಲೆಗೆ ಸುಣ್ಣ ಹಚ್ಚಿಕೊಂಡಿದ್ದ.

ಈಗ ಅವಳು ಕಂಪ್ಯೂಟರಿನ ಪರದೆಯ ಕಡೆ ಬೆರಳು ತೋರಿಸಿದಳು. ಹೊಳೆಯ ಚಿಪ್ ತಯಾರಿಸಿದಾಗ ಕಂಪೈಲರಿಗೆ ಕೊಟ್ಟ ಅಪ್ಪಣೆ ಫ್ಲಾಪಿಯಲ್ಲಿ ಇದ್ದ ಹಾಗೇ ಇತ್ತು. ಹಸಿರು ಅಕ್ಷರದಲ್ಲಿ, ಸಾಲಿನ ತಲೆಯಲ್ಲೇ, 'ವಿ' ಎದ್ದು ಕಾಣುತ್ತಿತ್ತು.

"ಅವನು ಬಿಟ್ಟಿಲ್ಲ ರೀ. ಇಲ್ಲೇ ಇದೆ."

ಹೂವಯ್ಯನ ಕಿವಿಗೆ ಬಿದ್ದದ್ದು 'ಇಲ್ಲೇ ಇದೆ' ಅಲ್ಲ, 'ಅವನು'. ಮನೆಯಲ್ಲಿ ಮಾತಾಡುವಾಗ ಶಂಭು ಯಾವಾಗಲೂ 'ಅವರು'. ಈ ಕೋಣೆಯಲ್ಲಿ 'ಅವನು' ಆಗಿದ್ದಾನೆ. ಎಷ್ಟು ದಿನದಿಂದಲೋ!

"ಆಪ್ಶನ್ ಇದ್ದೂ ಯಾಕೆ ಹತ್ತಲ್ಲ ಹಂಗಾದ್ರೆ?"

ಅವಳಿಗೂ ಗೊತ್ತಿರಲಿಲ್ಲ. ಪರದೇಶದ ಕಂಪೆನಿಯೊಂದು ಕಂಪೈಲರಿನ ಜೊತೆ ಕಳಿಸಿದ್ದ ದಪ್ಪ ಪುಸ್ತಕ ತೆರೆದು ಬೆರಳಿಟ್ಟು ಓದಿದಳು. ಆಪ್ಶನ್ನನ್ನು ಸಾಲಿನ ಮೊದಲಲ್ಲಿ ಒಂದು ಸಲ ಕೊಟ್ಟರೆ ಆ ಸಾಲಿನ ಎಲ್ಲ ಫೈಲುಗಳಿಗೂ ಅನ್ವಯಿಸುತ್ತದೆ ಎಂದು ಅಚ್ಚಾಗಿತ್ತು. ಶಂಭು ಪುಸ್ತಕದಲ್ಲಿದ್ದ ಹಾಗೇ ಮಾಡಿದ್ದ. ಯಂತ್ರ ಪುಸ್ತಕದಲ್ಲಿದ್ದ ಹಾಗೆ ಮಾಡಿರಲಿಲ್ಲ.

ನಿಜ ಹೇಳಬೇಕೆಂದರೆ, ಈ ಗಂಟು ಬಿಡಿಸುವ ದಾರವೊಂದು ಹೂವಯ್ಯನ ಬಳಿ ನಿನ್ನೆಯಿಂದಲೇ ಇತ್ತು. ಅವನು ಅದನ್ನು ಹೊರಗೆ ತೆಗೆದಿರಲಿಲ್ಲ. ತೆಗೆದರೆ ಶಂಭುವಿಗೆ ಅನುಕೂಲವಾದೀತು ಎಂಬ ಒಂದೇ ಕಾರಣಕ್ಕೆ.

ಅಷ್ಟರಲ್ಲಿ ಒಳಗಿನಿಂದ ಮಹಾಲಕ್ಷ್ಮೀ ಕಷಾಯದ ಲೋಟ ಹಿಡಿದು ಬಂದಳು. ಸುಬ್ಬರಾಯನ ಹೆಂಡತಿ. ಹೂವಯ್ಯನಿಗೆ ಈ ಕೇಸು ವಹಿಸಿದವಳು ಅವಳೇ. ಗಂಡನನ್ನು ಕಳೆದುಕೊಂಡ ಹೆಂಗಸು ಮೈದುನನನ್ನು ಶಪಿಸುತ್ತಾಳೆಂದು ಊರೆಲ್ಲ ಕಾದಿತ್ತು. ಅವಳು ಒಂದು ಸಲವೂ ಶಪಿಸಿರಲಿಲ್ಲ.

ಶಪಿಸಲು ಕಾರಣವಿಲ್ಲದೆ ಇರಲಿಲ್ಲ. ಪೆಟ್ಟಿಗೆಯ ಮೇಲೆ ಸುಬ್ಬರಾಯ ತನ್ನೊಬ್ಬನ ಹೆಸರನ್ನೇ ಹಿತ್ತಾಳೆ ತಗಡಿನಲ್ಲಿ ಕೆತ್ತಿಸಿದ್ದ. ಹಗಲೂ ರಾತ್ರಿಯೂ ದುಡಿದ ಶಂಭುವಿನ ಹೆಸರು ಎಲ್ಲೂ ಇರಲಿಲ್ಲ. ಮಳೆಗಾಲದ ಸುರುವಿನಲ್ಲಿ ಅದೇ ವಿಷಯಕ್ಕೆ ಜಗಳವಾಗಿ, 'ನಿನ್ನ ಹೆಸರು ಹೊಳೆ ಪಾಲಾಗ್ಲಿ' ಎಂದು ಶಂಭು ಕೂಗಿದ್ದನ್ನು ಬೀದಿಯವರೆಲ್ಲ ಕೇಳಿದ್ದರು. ಹೊಳೆ ಪಾಲಾದದ್ದು ಹೆಸರಲ್ಲ, ಹೆಸರಿನವನು. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

"ಎಂತ ಆತು?" ಎಂದು ಮಹಾಲಕ್ಷ್ಮೀ ಮನೆಮಾತಿನಲ್ಲೇ ಕೇಳಿ, ಎದುರಿಗಿರುವವರು ಹೊರಗಿನವರೆಂದು ನೆನಪಾಗಿ ಮಾತು ಬದಲಿಸಿದಳು. "ನಂಗೆ ಯಾರನ್ನೂ ಜೈಲಿಗೆ ಹಾಕ್ಸೋದು ಬೇಡ ಹೂವಯ್ಯನೋರೇ. ನಮ್ಮನೆಯವರು ತಮ್ಮದೇ ಪೆಟ್ಟಿಗೆ ನಂಬ್ಕೊಂಡು ಹೊಳೆಗೆ ಇಳಿದ್ರು. ಅದು ಯಾಕೆ ಕೂಗ್ಲಿಲ್ಲ ಅಂತ ಒಂದು ಹೇಳಿ. ಅಷ್ಟು ಗೊತ್ತಾಗದೆ ನಂಗೆ ಅನ್ನ ಸೇರೋದಿಲ್ಲ."

ಅವಳು ಲೋಟ ಇಟ್ಟು ಒಳಗೆ ಹೋದಳು. ಹೂವಯ್ಯನಿಗೆ ನಾಚಿಕೆಯಾಯಿತು. ಕಷಾಯ ಕುಡಿಯುವ ನೆಪದಲ್ಲಿ ಒಂದು ಗಳಿಗೆ ಮುಖ ಮರೆಸಿಕೊಂಡು, ಕೊನೆಗೆ ಬಾಯಿ ಬಿಟ್ಟ.

"ನಿನ್ನೆ ಹೊಸನಗರದ ಕಡೆ ಹೋಗಿದ್ನಲ್ಲ. ಹೊಳೆ ದಂಡೆ ಮೇಲೆ ಕೆರಿಯಮ್ಮ ಅಂತ ಒಬ್ಬಳು ಚಾ ಅಂಗಡಿ ಇಟ್ಟಿದಾಳೆ."

"ಸರಿ."

"ಅವಳು ಒಂದು ಮಾತು ಹೇಳಿದ್ಲು."

ಕೆರಿಯಮ್ಮನಿಗೆ ಸೈರನ್ ಎಂದರೆ ಸಿಟ್ಟು. ಅಂಗಡಿಯ ನೆತ್ತಿಯ ಮೇಲೇ ಅದರ ಕಂಬ. 'ಕರೆಂಟ್ ಹೋಗಿ ಬಂದ್ ಮ್ಯಾಲೇ ಅದು ಕೂಗಾದು ಸ್ವಾಮಿ. ಸುಮ್ನೆ ಇದ್ದಾಗ ಕೂಗಿದ್ದು ನಾ ಕಂಡಿಲ್ಲ. ಕೂಗಕ್ಕೆ ಹತ್ತಿದ್ರೆ ಮತ್ತೆ ಕರೆಂಟ್ ಹೋಗಾ ತಂಕ ಬಾಯಿ ಮುಚ್ಚಾದಿಲ್ಲ, ವಾಚ್‌ಮನ್ ಬಂದು ಫ್ಯೂಸ್ ಕೀಳ್ಬೇಕು,' ಎಂದು ಅವಳು ಬೈದುಕೊಂಡಿದ್ದಳು. ಚೌತಿ ಹಬ್ಬ ಕಳೆದಾಗಿನಿಂದ ಹೀಗೇ ಎಂದೂ, ಅದಕ್ಕೆ ಮೊದಲು ಅದು ಮರ್ಯಾದಸ್ಥನ ಹಾಗೆ ಬಾಗಿಲು ತೆರೆದಾಗ ಕೂಗಿ ಮುಚ್ಚಿದಾಗ ಸುಮ್ಮನಾಗುತ್ತಿತ್ತೆಂದೂ ಹೇಳಿದ್ದಳು.

ಹೂವಯ್ಯ ವಾಚ್‌ಮನ್‌ನನ್ನೂ ವಿಚಾರಿಸಿದ್ದ. ಅವನದು ಸುಲಭದ ಲೆಕ್ಕ. ಕರೆಂಟಿಲ್ಲದಾಗ ಬಾಗಿಲು ತೆರೆದರೆ ಕೈಸೈರನ್ ತಾನೇ ತಿರುಗಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಕರೆಂಟು ಬಂದು ಪೆಟ್ಟಿಗೆಯೂ ಕೂಗಿಕೊಳ್ಳುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಎಣಿಸಿದವರಿಲ್ಲ. ಲಿಂಗನಮಕ್ಕಿಯ ನೀರು ನಾಡಿಗೆಲ್ಲ ಬೆಳಕು ಕೊಟ್ಟರೂ ಪಕ್ಕದೂರಿನವರಿಗೆ ಚಿಮಣಿ ಬುಡ್ಡಿ ತಪ್ಪಿದ್ದಲ್ಲ. ಹಾಗಾಗಿ ಪೆಟ್ಟಿಗೆಯ ಈ ಹೊಸ ಚಾಳಿ ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಕರೆಂಟಿನ ಜೊತೆ ಯಾವುದು ಸರಿಯಾಗಿ ನಡೆದೀತು ಎಂದು ಎಲ್ಲರೂ ಸುಮ್ಮನಿದ್ದರು.

"ಸುಬ್ಬರಾಯ ಸತ್ತ ದಿನ?" ವನಮಾಲಾ ಕುರ್ಚಿಯ ತುದಿಗೆ ಬಂದಿದ್ದಳು.

"ಆವತ್ತು ಹೊಸನಗರಕ್ಕೆ ಮಂತ್ರಿ ಬಂದಿದ್ರು. ಮಂತ್ರಿ ಐಬಿ ಬಂಗಲೆಯಲ್ಲಿ ಇರೋ ತನಕ ಕರೆಂಟು ಕಣ್ಣು ಮಿಟುಕಿಸ್ಲಿಲ್ಲ."

ವನಮಾಲಾ ಎದ್ದು ನಿಂತಳು. ಪೆಟ್ಟಿಗೆಯ ವೈರನ್ನು ಗೋಡೆಯಿಂದ ಕಿತ್ತಳು. ಸ್ವಿಚ್ಚನ್ನು ಒತ್ತಿ ಹಿಡಿದೇ ವೈರನ್ನು ಮತ್ತೆ ಚುಚ್ಚಿದಳು.

ಬಲ್ಬು ಝಗ್ಗೆಂದು ಹತ್ತಿತು.

ಸ್ವಿಚ್ ಬಿಟ್ಟಳು. ಬಲ್ಬು ಆರಲಿಲ್ಲ. ಉರಿಯುತ್ತಲೇ ಇತ್ತು.

"ಎದ್ದ ಕೂಡಲೇ ಒಂದು ಸಲ ನೋಡುತ್ತೆ. ಆಮೇಲೆ ನೋಡೋದೇ ಇಲ್ಲ," ಎಂದಳು. "ದಿನಾ ಕರೆಂಟು ಹೋಗಿ ಬಂದು ಇದನ್ನ ಎಬ್ಬಿಸ್ತಿತ್ತು ರೀ. ಅದಕ್ಕೇ ಯಾರಿಗೂ ಗೊತ್ತಾಗ್ಲಿಲ್ಲ. ಆವತ್ತು ಎಬ್ಬಿಸೋರು ಇರ್ಲಿಲ್ಲ."

ಆ ಮಧ್ಯಾಹ್ನ ನಡೆದದ್ದು ಹೂವಯ್ಯನ ಕಣ್ಣಿಗೆ ಕಟ್ಟಿತು. ಮಂತ್ರಿಗೆ ತೋರಿಸಲೆಂದು ಸುಬ್ಬರಾಯ ಹಿತ್ತಾಳೆ ತಗಡನ್ನು ಉಜ್ಜಲು ಹೊಳೆ ದಾಟಿ ಆಚೆ ದಂಡೆಯ ಕಂಬಕ್ಕೆ ಹೊರಟಿದ್ದಾನೆ. ಮೇಲೆ ಬಾಗಿಲು ತೆರೆಯುತ್ತಾರೆ. ಕರೆಂಟು ಇದೆಯಲ್ಲ, ಪೆಟ್ಟಿಗೆ ಕೂಗುತ್ತದೆ ಎಂದು ವಾಚ್‌ಮನ್ ಕೈಸೈರನ್ ಮುಟ್ಟುವುದಿಲ್ಲ. ಪೆಟ್ಟಿಗೆ ಕೂಗುವುದಿಲ್ಲ. ಸುಬ್ಬರಾಯ ನಡುಹೊಳೆಯಲ್ಲಿ, ತನ್ನ ಪೆಟ್ಟಿಗೆ ಸುಮ್ಮನಿದೆ ಎಂಬ ಧೈರ್ಯದಲ್ಲಿ, ಪಂಚೆ ಎತ್ತಿಕೊಂಡು ನಡೆಯುತ್ತಿದ್ದಾನೆ.

"ಚೌತಿ ಹೊತ್ತಿಗೆ ಏನು ಬದಲಾಯ್ತು?" ಎಂದು ಕೇಳಿದ. ಈಗ ಅವನೊಳಗಿನ ಪತ್ತೇದಾರ ಗಂಡನನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದಿದ್ದ.

ವನಮಾಲಾ ಪರದೆಯ ಮೇಲಿನ ಸಾಲನ್ನೇ ನೋಡುತ್ತಿದ್ದಳು. ಆಪ್ಶನ್ ಆದ ಮೇಲೆ ಮೂರು ಫೈಲುಗಳ ಹೆಸರಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಹೆಸರುಗಳು. ಶ್ರೀ. ನೀರು. ಕೂಗು.

"ಇದೆಂಥದು, ಶ್ರೀ?"

"ಏನಿಲ್ಲ. ಖಾಲಿ ಫೈಲು. ಅದರಲ್ಲಿ ಶ್ರೀ ಅಂತ ಬಿಟ್ರೆ ಬೇರೆ ಏನೂ ಇಲ್ಲ."

"ಖಾಲಿ ಫೈಲು ಯಾಕೆ?"

"ಮೊದಲಿಗೆ ಶ್ರೀ ಹಾಕದೆ ನಾವು ಯಾವ ಕೆಲಸ ಮಾಡ್ತೀವಿ ಹೇಳಿ?"

ಅದು ನಿಜ. ಮದುವೆ ಕಾಗದವಿರಲಿ, ಸಾಮಾನಿನ ಚೀಟಿಯಿರಲಿ, ಪರೀಕ್ಷೆಯ ಉತ್ತರ ಪತ್ರಿಕೆಯಿರಲಿ, ತಲೆಯ ಮೇಲೆ ಶ್ರೀ ಬರೆಯದೆ ಈ ಸೀಮೆಯಲ್ಲಿ ಯಾರ ಕೈಯೂ ಮುಂದಕ್ಕೆ ಓಡುವುದಿಲ್ಲ. ಹೂವಯ್ಯನೂ ಪೊಲೀಸ್ ಡೈರಿಯಲ್ಲಿ ಕಳ್ಳರ ಹೆಸರಿನ ಮೇಲೆ ಶ್ರೀ ಬರೆದವನೇ. ಆದರೆ ವನಮಾಲಾ ಇದನ್ನು ಹೇಳಿದ ಧ್ವನಿ ಸರಿಯಿರಲಿಲ್ಲ. ಬಾವಿಯ ಬಾಯಿಗೆ ಬಗ್ಗಿ ಮಾತಾಡಿದ ಹಾಗಿತ್ತು.

ಅವಳು ಕೂತಳು. ಸಾಲಿನಿಂದ ಶ್ರೀಯನ್ನು ಅಳಿಸಿದಳು. ನೀರು ಮೊದಲಿಗೆ ಬಂತು. ಮತ್ತೇನನ್ನೂ ಮುಟ್ಟಲಿಲ್ಲ. ಯಂತ್ರ ಫ್ಲಾಪಿಯನ್ನು ಕಟಕಟ ಕಡಿಯುತ್ತ ಹೊಸ ಅಡುಗೆ ಮಾಡಿತು. ಅದನ್ನು ಬೇರೊಂದು ಚಿಪ್ಪಿಗೆ ತುಂಬಿ, ಪೆಟ್ಟಿಗೆಯ ಹಳೆಯ ಚಿಪ್ಪನ್ನು ಕಿತ್ತು, ಹೊಸದನ್ನು ಅವಳೇ ಕೂರಿಸಿದಳು. ಒತ್ತುವಾಗ ಚಿಪ್ಪಿನ ಒಂದು ಕಾಲು ಸೊಟ್ಟಗಾಯಿತು. ಹೂವಯ್ಯ ತನ್ನ ಉಗುರಿನಿಂದ ನೇರ ಮಾಡಿಕೊಟ್ಟ.

ಸ್ವಿಚ್ ಒತ್ತಿದಳು. ದೀಪ ಹತ್ತಿತು. ಬಿಟ್ಟಳು. ಆರಿತು. ಒತ್ತಿದಳು, ಹತ್ತಿತು.

"ಪುಸ್ತಕದ್ದು ಸುಳ್ಳು," ಎಂದಳು. "ಆಪ್ಶನ್ ಎಲ್ಲಾ ಫೈಲಿಗೂ ಹೋಗಲ್ಲ. ಮೊದಲನೇ ಫೈಲಿಗೆ ಮಾತ್ರ ಹೋಗುತ್ತೆ. ಮುಂಚೆ ಮೊದಲು ಇದ್ದಿದ್ದು ಬಾಗಿಲು ನೋಡೋ ನೀರು ಫೈಲು, ಅದಕ್ಕೇ ಎಲ್ಲಾ ಸರಿ ಇತ್ತು. ಶ್ರೀ ಮುಂದೆ ಬಂದು ಕೂತ ಮೇಲೆ ಆಪ್ಶನ್ ಶ್ರೀಗೆ ಸಂದುಹೋಯ್ತು."

ಹೂವಯ್ಯನಿಗೆ ಒಮ್ಮೆಲೇ ಎಲ್ಲ ಹೊಳೆಯಿತು. ಮೈಯೆಲ್ಲ ಬೆಚ್ಚಗಾಯಿತು. ಎಂಥಾ ಉಪಾಯ! ಆಪ್ಶನ್ ತೆಗೆದರೆ ಸಿಕ್ಕಿಬೀಳುತ್ತಾನೆ. ಅದಕ್ಕೆ ಅದನ್ನು ಎಲ್ಲರಿಗೂ ಕಾಣುವ ಹಾಗೆ ಬಿಟ್ಟು, ಮುಂದೆ ಒಂದು ಶ್ರೀಯನ್ನು ತಂದು ಕೂರಿಸಿದ್ದಾನೆ. ಯಾವನು ಅನುಮಾನಪಟ್ಟಾನು? ಯಾವನು ಶ್ರೀಯನ್ನು ಅಳಿಸಿಯಾನು? ದೇವರನ್ನು ಮುಂದಿಟ್ಟುಕೊಂಡು ಕೊಲೆ ಮಾಡಿದ ಶಂಭುವನ್ನು ಅವನು ಮನಸ್ಸಿನಲ್ಲೇ ಶಿವಮೊಗ್ಗದ ಕೋರ್ಟಿನ ಕಟಕಟೆಗೆ ಹತ್ತಿಸಿಯೂಬಿಟ್ಟ.

"ಸಿಕ್ಕಿಬಿದ್ದ," ಎಂದ. "ದೇವರಿಗೆ ಕೈ ಮುಗಿಯದ ಮನುಷ್ಯ ಶಂಭು. ಊರಿಗೆಲ್ಲ ಗೊತ್ತು. ಅವನು ಶ್ರೀ ಯಾಕೆ ಹಾಕ್ತಾನೆ ಹೇಳು? ಇದಕ್ಕೇ."

"ರೀ."

"ಬುದ್ಧಿವಂತ ಅಂತ ನೀನು ಹೊಗಳ್ತಿದ್ದೆಯಲ್ಲ. ಹೌದು, ಬುದ್ಧಿವಂತನೇ. ಎರಡು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತವಳಿಗೇ ಗೊತ್ತಾಗದ ಹಾಗೆ—"

"ರೀ, ಶ್ರೀ ಹಾಕಿದ್ದು ನಾನು."



ಅವಳು ಒಳಮನೆಯ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು. ಚೌತಿಯ ಮುಂಚೆ ಸೈರನ್ನಿನ ಸದ್ದು ಸ್ವಲ್ಪ ದೊಡ್ಡದು ಮಾಡಬೇಕೆಂದು ಹೊಸ ಚಿಪ್ ತಯಾರಾಗುತ್ತಿತ್ತಂತೆ. ಸುಬ್ಬರಾಯ ಇದೇ ಕುರ್ಚಿಯ ಹಿಂದೆ ನಿಂತು, ಪೆಟ್ಟಿಗೆಯೊಳಗೆ ಒಂದು ಶ್ರೀಕಾರವೂ ಇಲ್ಲವಲ್ಲ, ಹೀಗೆ ಹೊಳೆಗೆ ಕಳಿಸುವುದು ಶ್ರೇಯಸ್ಸಲ್ಲ ಎಂದು ಪೇಚಾಡಿದನಂತೆ. ಶಂಭು ಬೆಂಗಳೂರಿಗೆ ಹೋಗಿದ್ದ. ಇವಳು, ಅದಕ್ಕೇನಂತೆ ಎಂದು, ಒಂದು ಖಾಲಿ ಫೈಲು ಮಾಡಿ, ಹೆಸರು ಶ್ರೀ ಎಂದಿಟ್ಟು, ಎಲ್ಲಕ್ಕಿಂತ ಮುಂದೆ ಕೂರಿಸಿದಳು. ಸುಬ್ಬರಾಯ ಹಿಗ್ಗಿ ಅವಳ ಕೈಗೆ ಪಂಚಕಜ್ಜಾಯ ಕೊಟ್ಟಿದ್ದ. ತಾನೇ ಹೊಸನಗರಕ್ಕೆ ಒಯ್ದು ಚಿಪ್ ಹಾಕಿ ಬಂದಿದ್ದ.

"ಅವರ ಕೈಲಿ ತಿಂದು ಅವರನ್ನೇ ಕೊಂದೆ," ಎಂದಳು. ಕಣ್ಣಿನಲ್ಲಿ ನೀರಿರಲಿಲ್ಲ. ಅದು ಹೂವಯ್ಯನಿಗೆ ಇನ್ನೂ ಭಯ ಹುಟ್ಟಿಸಿತು.

"ಪುಸ್ತಕದಲ್ಲಿ ತಪ್ಪು ಬರೆದಿದ್ರೆ ನೀನೇನು ಮಾಡ್ತಿ?"

"ಇದನ್ನ ನ್ಯಾಯಾಧೀಶರಿಗೆ ಹೇಳಿ. ಮಹಾಲಕ್ಷ್ಮಮ್ಮನಿಗೆ ಹೇಳಿ."

ಹೂವಯ್ಯ ಎದ್ದು ಕಿಟಕಿಯವರೆಗೆ ಹೋಗಿ ಬಂದ. ಅತ್ತ ದರಿ, ಇತ್ತ ಪುಲಿ. ಸತ್ಯ ಹೇಳಿದರೆ ಶಂಭು ಹೊರಗೆ, ಹೆಂಡತಿ ಒಳಗೆ. ಹೇಳದಿದ್ದರೆ ಹೆಂಡತಿ ಹೊರಗೆ, ಶಂಭು ಒಳಗೆ. ಎರಡನೆಯದನ್ನು ಯೋಚಿಸುವಾಗ ಎದೆಯಲ್ಲಿ ಸಣ್ಣಗೆ ಎದ್ದ ಖುಷಿಯನ್ನು ಅವನು ಗುರುತಿಸಿದ. ಅಸಹ್ಯವಾಯಿತು. ಆದರೂ ಅದು ಹೋಗಲಿಲ್ಲ.

"ಶ್ರೀ ಹಾಕಿದ್ದು ಶಂಭುಗೆ ಗೊತ್ತಾ?" ಎಂದು ಕೇಳಿದ.

"ಬೆಂಗಳೂರಿಂದ ಬಂದ ಮೇಲೆ ಹೇಳಿದ್ದೆ. ನಕ್ಕ." ಅವಳು ಮತ್ತೇನೋ ಹೇಳಲು ಹೊರಟು ನಿಲ್ಲಿಸಿದಳು.

ಆಗ ಹೊರಗೆ ಜೀಪು ನಿಂತ ಸದ್ದಾಯಿತು.

ಒಳಗೆ ಬಂದವನು ಸಬ್‌ಇನ್‌ಸ್ಪೆಕ್ಟರ್ ಶೇಷಪ್ಪ. ಒಂದು ಕಾಲಕ್ಕೆ ಹೂವಯ್ಯನ ಕೈಕೆಳಗೆ ಇದ್ದವನು. ಈಗಲೂ ಎದುರಿಗೆ ಬಂದರೆ ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಮುಖ ಅರಳಿತ್ತು.

"ಮುಗೀತು ಹೂವಯ್ಯನೋರೇ. ಶಂಭು ಒಪ್ಕೊಂಡ."

ವನಮಾಲಾ ಮೇಜಿನ ಅಂಚು ಹಿಡಿದುಕೊಂಡಳು.

"ಏನಂತ ಒಪ್ಕೊಂಡ?" ಎಂದ ಹೂವಯ್ಯ.

"ನಂಗೊಂದೂ ಅರ್ಥ ಆಗ್ಲಿಲ್ಲ, ಅದಕ್ಕೇ ಮೇಡಂ ಹತ್ರ ಕೇಳಾಣ ಅಂತ ಬಂದೆ. ಬೆಳಿಗ್ಗೆ ತಾನೇ ಕರೆದು ಬರ್ಕೊಳಿ ಅಂದ. ಒಂದು ಖಾಲಿ ಫೈಲನ್ನ ಬೇಕಂತಲೇ ಮೊದಲಿಗೆ ಇಟ್ನಂತೆ. ಎಂತದೋ ಆಪ್ಶನ್ ಅಂತೆ, ಅದು ಮೊದಲನೇದಕ್ಕೆ ಮಾತ್ರ ತಾಗುತ್ತಂತೆ. ಹಿಂದಿನದಕ್ಕೆ ತಾಗ್ಲಿಲ್ಲವಂತೆ. ಅಣ್ಣನ ಮೇಲಿನ ಹೊಟ್ಟೆಕಿಚ್ಚಿಗೆ ಮಾಡಿದೆ ಅಂದ." ಶೇಷಪ್ಪ ಇಬ್ಬರ ಮುಖವನ್ನೂ ನೋಡಿದ. "ಹಿಂಗೆಲ್ಲ ಆಗಾದು ಹೌದಾ? ಹೌದು ಅಂದ್ರೆ ನಾಳೆನೇ ಶಿವಮೊಗ್ಗಕ್ಕೆ ಕಳಿಸ್ತೀನಿ."



ಪುಸ್ತಕದಲ್ಲಿ ಇಲ್ಲದ ಮಾತು ಇದು. ಈಗಷ್ಟೇ, ಈ ಮೇಜಿನ ಮೇಲೆ, ಚಿಪ್ ಬದಲಿಸಿ ನೋಡಿದ ಮೇಲೆ ತಮ್ಮಿಬ್ಬರಿಗೆ ತಿಳಿದ ಮಾತು. ಅದನ್ನು ಬೆಳಿಗ್ಗೆಯೇ, ಯಂತ್ರವೂ ಇಲ್ಲದ, ಪುಸ್ತಕವೂ ಇಲ್ಲದ ಲಾಕಪ್ಪಿನಲ್ಲಿ ಕೂತು ಶಂಭು ಹೇಳಿದ್ದಾನೆ. ಫೈಲು ಇಟ್ಟವರು ಯಾರೆಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅಕ್ಷರಶಃ ನಿಜ.

ಹೂವಯ್ಯ ಹೆಂಡತಿಯ ಕಡೆ ನೋಡಲಿಲ್ಲ.

"ಹೌದು ಶೇಷಪ್ಪ. ಹಾಗೇ ಆಗುತ್ತೆ," ಎಂದ. "ನಾವೂ ಈಗ ಅದನ್ನೇ ನೋಡಿದ್ವಿ. ಅವನು ಹೇಳಿದ್ದು ಸರಿ ಇದೆ."

ಹೇಳಿದ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಇಪ್ಪತ್ತು ವರ್ಷ ಸುಳ್ಳುಗಾರರ ಬಾಯಿ ಬಿಡಿಸಿದವನಿಗೆ, ಸುಳ್ಳಿಲ್ಲದ ಮಾತಿನಿಂದ ಒಬ್ಬನನ್ನು ಜೈಲಿಗೆ ಕಳಿಸುವುದು ಇಷ್ಟು 'ಸಲೀಸು' ಎಂದು ಗೊತ್ತಿರಲಿಲ್ಲ. ಹೆಂಡತಿ ಉಳಿದಳು, ಶಂಭು ತೊಲಗಿದ. ಒಂದೇ ಕಲ್ಲಿಗೆ ಎರಡು ಹಣ್ಣು.

"ಫೈಲು ಇಟ್ಟಿದ್ದು ಅವನಲ್ಲ ಶೇಷಪ್ಪನೋರೇ. ನಾನು," ಎಂದಳು ವನಮಾಲಾ. "ಚೌತಿಗೆ ಮುಂಚೆ. ಆವಾಗ ಅವನು ಊರಲ್ಲೇ ಇರ್ಲಿಲ್ಲ. ನಡೀರಿ, ಸ್ಟೇಷನ್ನಲ್ಲಿ ಬರೆದು ಕೊಡ್ತೀನಿ."

ಶೇಷಪ್ಪ ಟೋಪಿ ತೆಗೆದ, ಹಾಕಿಕೊಂಡ. ಹೂವಯ್ಯನ ಮುಖ ನೋಡಿದ. ಈ ಕೇಸು ತನ್ನ ಕೈಮೀರಿತು ಎಂದು ಅವನಿಗೆ ಗೊತ್ತಾಗಿತ್ತು.

ಅವಳು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಹೂವಯ್ಯ ಮೆಟ್ಟಿಲಿಳಿದು ಹಿಂದೆ ಓಡಿದ. ಎದುರುಮನೆಯ ಪುಷ್ಪಮ್ಮ ಜಗಲಿಯಲ್ಲಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ನೋಡಲಿ. ಅವನು ಜೀಪಿನ ಕಂಬಿ ಹಿಡಿದುಕೊಂಡ.

"ಅಷ್ಟು ಬೇಕಾದವನಾ ಅವನು? ಅವನಿಗಾಗಿ ಜೈಲಿಗೆ ಹೋಗೋವಷ್ಟು?"

ಎರಡು ವರ್ಷದಿಂದ ನುಂಗಿಕೊಂಡಿದ್ದ ಮಾತು ಬೀದಿಯಲ್ಲಿ, ಪೊಲೀಸಿನವನ ಎದುರಿಗೆ ಬಾಯಿಂದ ಬಿತ್ತು. ವನಮಾಲಾ ಹಿಂದಿನ ಸೀಟಿನಲ್ಲಿ ಕೂತು ಅವನನ್ನು ದಿಟ್ಟಿಸಿದಳು. ಸಿಟ್ಟಿರಲಿಲ್ಲ. ಅಳು ಈಗ ಬಂದಿತ್ತು.

"ನಾನು ಹೋಗ್ತಿರೋದು ಅವನನ್ನ ಬಿಡಿಸೋಕೆ ಅಂದ್ಕೊಂಡ್ರಾ? ಅವನನ್ನ ಒಂದು ಮಾತು ಕೇಳೋಕೆ." ಅವಳು ಮುಂದಕ್ಕೆ ಬಾಗಿ, ಶೇಷಪ್ಪನಿಗೆ ಕೇಳಿಸದ ಹಾಗೆ ಹೇಳಿದಳು. "ಶ್ರೀ ಹಾಕಿದೀನಿ ಅಂದಾಗ ನಕ್ಕ ಅಂದೆನಲ್ಲ. ನಕ್ಕು ಇನ್ನೊಂದು ಮಾತು ಹೇಳಿದ್ದ. ಬೇಡ ಅಂದ್ರೆ ತೆಗೀತೀನಿ ಅಂದಿದ್ದೆ ನಾನು. 'ಅಲ್ಲೇ ಇರ್ಲಿ ಬಿಡು, ಮೊದಲಿಗೇ ಇರ್ಲಿ, ತೆಗೀಬೇಡ' ಅಂದಿದ್ದ."

"ಅಂದ್ರೆ?"

"ಆವತ್ತೇ ಈ ಆಪ್ಶನ್ ಸಂಗತಿ ಅವನಿಗೆ ಗೊತ್ತಿತ್ತಾ, ಇಲ್ಲಾ ಲಾಕಪ್ಪಲ್ಲಿ ಕೂತು ಯೋಚ್ನೆ ಮಾಡಿ ಕಂಡ್ಕೊಂಡ್ನಾ? ಆವತ್ತೇ ಗೊತ್ತಿದ್ರೆ ನನ್ನ ಕೈಲಿ ಅವನ ಅಣ್ಣನನ್ನ ಕೊಲ್ಲಿಸಿದಾನೆ."

"ಆಮೇಲೆ ಕಂಡ್ಕೊಂಡಿದ್ರೆ?"

ಅವಳು ಕಂಬಿಯ ಮೇಲಿದ್ದ ಅವನ ಕೈಯನ್ನು ಬಿಡಿಸಿದಳು. ಆಮೇಲೆ ಕಂಡುಕೊಂಡಿದ್ದರೆ, ಅವಳ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ಜೀವಾವಧಿಗೆ ತಯಾರಾಗಿ ಕೂತಿದ್ದಾನೆ. ಹೂವಯ್ಯನಂಥ ಗಂಡಂದಿರು ಜನ್ಮವಿಡೀ ಏನು ಮಾಡಿದರೂ ಅದಕ್ಕೆ ಸಮವಾಗುವುದಿಲ್ಲ.

ಜೀಪು ಹೊರಟಿತು. ಹೂವಯ್ಯ ನಡುಬೀದಿಯಲ್ಲಿ ನಿಂತ. ಸತ್ಯ ಕಂಡುಹಿಡಿಯಲೆಂದು ಹಣೆಗೆ ಕುಂಕುಮವಿಟ್ಟುಕೊಂಡು ಈ ಕೇಸಿಗೆ ಹೊರಟವನು, ಈಗ ಕಣ್ಣು ಮುಚ್ಚಿ, ಹೊಟ್ಟೆಯ ಆಳದಿಂದ, ಶಂಭು ಕೊಲೆಗಾರನೇ ಆಗಿರಲಪ್ಪಾ ಎಂದು ದೇವರನ್ನು ಬೇಡಿಕೊಂಡ.